ಪಕ್ಕದ ಸೀಟು

12 ಸೆಪ್ಟೆಂಬರ್ 2009, ಶನಿವಾರ

ಬೆಳಗಿನ ಸ್ಕೂಲು. ಬದನಗುಪ್ಪೆಯಿಂದ ಹನ್ನೆರಡೂವರೆಗೆ ಮನೆ. ನಾಲ್ಕನೇ ಕ್ಲಾಸಿನವರು ಇನ್ನೂ ಏಳರ ಮಗ್ಗಿಯಲ್ಲೇ ಒದ್ದಾಡುತ್ತಿದ್ದಾರೆ. ಸೋಮವಾರ ಬಿಡುವುದಿಲ್ಲ.

ಪೋಸ್ಟಿನಲ್ಲಿ ಪಾಸ್‌ಪೋರ್ಟ್ ಬಂದಿದೆ, ಇಬ್ಬರದೂ. ಫೋಟೋದಲ್ಲಿ ಇವರ ಮುಖ ನೋಡಿದರೆ ಡಿಪೋ ಮ್ಯಾನೇಜರ್ ಎದುರು ವಿಚಾರಣೆಗೆ ನಿಂತ ಹಾಗಿದೆ. ಮಸ್ಕತ್ತಿನಿಂದ ಶಿವರಂಜಿನಿ ಫೋನು, ನರ್ಸ್ ಡ್ಯೂಟಿ ಮುಗಿಸಿಕೊಂಡು. "ನವೆಂಬರ್‌ನಲ್ಲಿ ಬನ್ನಿ ಅಮ್ಮ, ಬಿಸಿಲು ಕಮ್ಮಿ ಇರುತ್ತೆ. ಟಿಕೆಟ್ ನಾನು ಮಾಡಿಸ್ತೀನಿ." ಮಗಳು ಕರೆದರೆ ಯಾಕೆ ಬೇಡ ಅನ್ನಲಿ? ಹೂಂ ಅಂದೆ.

ಇವರಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ. "ನಾನ್ಯಾಕೆ ಕಣೆ ಅಲ್ಗೆ? ನೀನೊಬ್ಳೇ ಓಗ್ಬುಟ್ಟು ಬಾ." ಮೇ ತಿಂಗಳಲ್ಲಿ ರಿಟೈರ್ ಆದಾಗಿನಿಂದ ಎಲ್ಲದಕ್ಕೂ ಇದೇ ರಾಗ. ಇಷ್ಟು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಹೆಚ್ಚು ಕಾಲ ಗುಂಡ್ಲುಪೇಟೆ ಮೇಲೆ ಕ್ಯಾಲಿಕಟ್ ರೂಟು. ಬೇರೆಯವರು ಓಡಿಸುವ ಗಾಡಿಯಲ್ಲಿ ಸುಮ್ಮನೆ ಕೂರಲು ಬರುವುದಿಲ್ಲ. ನೋಡೋಣ, ಎಷ್ಟು ದಿನ.

20 ಸೆಪ್ಟೆಂಬರ್, ಭಾನುವಾರ

ಇನ್ನೂ ಒಪ್ಪಿಲ್ಲ.

ನಿಜ ಬರೆದುಬಿಡುತ್ತೇನೆ, ಇದನ್ನು ಯಾರು ಓದುತ್ತಾರೆ. ಮಗಳನ್ನು ನೋಡಬೇಕು, ಸರಿ. ಜೊತೆಗೆ ಇನ್ನೊಂದು ಆಸೆ ಇದೆ. ಇವರ ಪಕ್ಕದ ಸೀಟಿನಲ್ಲಿ ಕೂತು ಒಂದು ಪ್ರಯಾಣ ಮಾಡಬೇಕು.

ಮದುವೆಯಾಗಿ ಮೂವತ್ತು ವರ್ಷ ಆಗುತ್ತಾ ಬಂತು, ಒಮ್ಮೆಯೂ ಕೂತಿಲ್ಲ. ಮದುವೆಯ ದಿನದಿಂದಲೇ ಶುರು. ನಮ್ಮ ಗುಂಡ್ಲುಪೇಟೆಯಲ್ಲಿ ಮುಹೂರ್ತ ಮುಗಿಯಿತು, ದಿಬ್ಬಣದ ಬಸ್ಸಿನ ಡ್ರೈವರ್‌ಗೆ ಜ್ವರ. ಮದುಮಗ ಬಾಸಿಂಗ ಬಿಚ್ಚದೆ ಸ್ಟೇರಿಂಗ್ ಹಿಡಿದರು. ನಾನು ಹಿಂದಿನ ಸೀಟಿನಲ್ಲಿ ಅತ್ತೆ ಪಕ್ಕ. ಚಾಮರಾಜನಗರದವರೆಗೂ ಇವರ ಬೆನ್ನು ನೋಡಿಕೊಂಡು ಬಂದೆ. ಆಮೇಲೆ ಮಾದಪ್ಪನ ಬೆಟ್ಟ, ಧರ್ಮಸ್ಥಳ, ತಿರುಪತಿ... ಎಲ್ಲಿಗೆ ಹೋದರೂ ಇವರೇ ಡ್ರೈವರ್, ನಾನು ಹಿಂದೆ.

ವಿಮಾನವನ್ನು ಇವರ ಕೈಗೆ ಯಾರೂ ಕೊಡುವುದಿಲ್ಲ. ಕೂರಲೇಬೇಕು. ಅದಕ್ಕೇ ಬಿಡುವುದಿಲ್ಲ ನಾನು.

18 ಅಕ್ಟೋಬರ್, ಭಾನುವಾರ

ಒಪ್ಪಿದರು. ನಾಲ್ಕು ದಿನ ಮಾತು ಬಿಟ್ಟಿದ್ದೆ, ಐದನೇ ದಿನ ತಾವೇ ಕಾಫಿ ಮಾಡಿ ತಂದಿಟ್ಟರು. ಆದರೆ ಕಂಡೀಷನ್ — ಬೆಂಗಳೂರು ಬೇಡ, ಕ್ಯಾಲಿಕಟ್ ಏರ್‌ಪೋರ್ಟಿನಿಂದಲೇ ಹೋಗಬೇಕು. "ಅದು ನನ್ ರೋಡು ಕಣೆ. ಕಣ್ಮುಚ್ಕಂಡು ಓಗ್ಬೋದು."

ಆಗಲಿ. ರೋಡು ಅವರದು, ಸೀಟು ನನ್ನದು.

7 ನವೆಂಬರ್, ಶನಿವಾರ, ಸಂಜೆ

ಬ್ಯಾಗು ತೂಕ ಹಾಕಿ ಆಯಿತು. ರಾಗಿ ಹಿಟ್ಟು, ಹುರುಳಿ, ಖಾರದ ಪುಡಿ. ಸೀರೆಗಿಂತ ಹಿಟ್ಟೇ ಜಾಸ್ತಿ.

ದೊರೆಸ್ವಾಮಿ ಬಂದಿದ್ದ. ನಾಳೆ ಅವನ ಸುಮೋದಲ್ಲೇ ಹೋಗುವುದು. ಇವರ ಕೈಯಲ್ಲೇ ಡ್ರೈವಿಂಗ್ ಕಲಿತವನು, ಈಗ ಅವನಿಗೂ ತಲೆ ನರೆತಿದೆ. "ಅಣ್ಣ, ಈಗ ಕಾಡ್ ಮುಂದಿನ ಮದ್ದೂರು ಗೇಟು ಬೆಳಿಗ್ಗೆ ಆರು ಗಂಟೆಗಂಟ ತಗ್ಯಾಕಿಲ್ಲ. ರಾತ್ರಿ ಗಾಡಿಗೆ ಸಿಕ್ಕಿ ಜಿಂಕೆ ಗಿಂಕೆ ಸಾಯ್ತವೆ ಅಂತ ಬಂದ್ ಮಾಡವ್ರೆ. ಇವತ್ತೇ ಕಾಡ್ ದಾಟಿ ಆಚೆ ಬತ್ತೇರಿಲಿ ಉಳ್ಕಳನ."

"ಅದು ಲಾರಿಯೋರ್ಗೆ ಕಣ್ಲಾ. ನನ್ ಮೊಕ ನೋಡುದ್ರೆ ಎತ್ತಾರೆ ಬುಡು."

ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ನಾನೂ ನಂಬಿದೆ. ಆ ಕಾಡಿನ ದಾರಿ ಇವರಿಗೆ ಗೊತ್ತಿದ್ದಷ್ಟು ಇನ್ಯಾರಿಗೆ ಗೊತ್ತು.

8 ನವೆಂಬರ್, ಭಾನುವಾರ. ಮದ್ದೂರು ಗೇಟು, ಬೆಳಗಿನ ಜಾವ

ಗೇಟು ಹಾಕಿದೆ.

ಸುಮೋದ ಒಳಗಿನ ಲೈಟಿನಲ್ಲಿ ಬರೆಯುತ್ತಿದ್ದೇನೆ. ಹಿಂದಿನ ಸೀಟು, ಒಬ್ಬಳೇ. ಪಕ್ಕದಲ್ಲಿ ರಾಗಿ ಹಿಟ್ಟಿನ ಬ್ಯಾಗು. ಹೊರಡುವಾಗ ಇವರಿಗೆ ಜಾಗ ಮಾಡಿ ಕೂತಿದ್ದೆ. ಸೀದಾ ಮುಂದೆ ಹತ್ತಿದರು. ದಾರಿಯುದ್ದಕ್ಕೂ "ಗೇರ್ ಇಳ್ಸ್ಲಾ, ಅಂಪ್ ಅದೆ" ಅನ್ನುತ್ತಾ, ಇಲ್ಲದ ಬ್ರೇಕನ್ನು ತುಳಿಯುತ್ತಾ. ದೊರೆಸ್ವಾಮಿ ಪಾಪ, ಹೂಂ ಅಣ್ಣ, ಹೂಂ ಅಣ್ಣ.

ಗೇಟಿನ ವಾಚರ್ ಮೂಗಯ್ಯ ಇವರಿಗೆ ಹಳೆಯ ಪರಿಚಯ. ಇವರ ಬಸ್ಸಿನಲ್ಲೇ ಅವನಿಗೆ ಪೇಪರ್, ಮಾತ್ರೆ ಎಲ್ಲ ಬರುತ್ತಿತ್ತಂತೆ. ಕೈ ಮುಗಿದ, ಒಲೆಯ ಹತ್ತಿರ ಕೂರಿಸಿದ, ಟೀ ಕೊಟ್ಟ. ಗೇಟು ಮಾತ್ರ ಎತ್ತಲಿಲ್ಲ. "ತಪ್ಪು ತಿಳ್ಕಬೇಡಿ ಸಿದ್ದಮಲ್ಲಪ್ನೋರೇ. ನಮ್ಮಪ್ಪನೇ ಬಂದ್ರೂವೆ ಎತ್ತಂಗಿಲ್ಲ. ಆರಕ್ಕೆ ಮೊದಲ್ನೇ ಗಾಡಿ ನಿಮ್ದೆ."

ಇವರು ಗಾಡಿಯ ಹತ್ತಿರ ಬರಲಿಲ್ಲ. ಗೇಟಿನ ಕಂಬಕ್ಕೆ ಕೈ ಊರಿ ನಿಂತಿದ್ದಾರೆ. ಯಾವಾಗಲೂ ಹಾರ್ನ್ ಹೊಡೆದು ದಾಟುತ್ತಿದ್ದ ಜಾಗ. ಬೈಯಬೇಕು ಅಂತ ಕಿಟಕಿ ಇಳಿಸಿದೆ. ಬೈಯಲು ಆಗಲಿಲ್ಲ. "ಒಳಗೆ ಬನ್ನಿ, ಚಳಿ" ಅಂದೆ. ಬರಲಿಲ್ಲ.

ವಿಮಾನ ಹನ್ನೆರಡೂವರೆಗೆ. ಸಿಗುತ್ತೆ. ಸಿಗಲೇಬೇಕು.

ಅದೇ ದಿನ. ಏರ್‌ಪೋರ್ಟ್, ಮಧ್ಯಾಹ್ನ

ಸಿಕ್ಕಿತು!

ಬತ್ತೇರಿ ದಾಟಿದ ಮೇಲೆ ಇವರು ದೊರೆಸ್ವಾಮಿಯ ಭುಜ ತಟ್ಟಿ "ಇಳೀಲಾ" ಅಂದರು. ಅವನು ಮರುಮಾತಿಲ್ಲದೆ ಇಳಿದ. ಲಕ್ಕಿಡಿಯಿಂದ ಘಾಟಿ ಇಳಿಯುವಾಗ ನೋಡಬೇಕಿತ್ತು ಇವರನ್ನ. ಒಂದು ತಿರುವಿನಲ್ಲೂ ನನ್ನ ಬ್ಯಾಗು ಅಲುಗಲಿಲ್ಲ. ಬೆನ್ನು ನೆಟ್ಟಗೆ, ಹಳೇ ಸಿದ್ದಮಲ್ಲಪ್ಪ. ಖುಷಿಯಾಯಿತು. ಆದರೆ ಮತ್ತೆ ಅದೇ — ಅವರು ಮುಂದೆ, ನಾನು ಹಿಂದೆ.

ಕೌಂಟರ್ ಮುಚ್ಚುವುದರಲ್ಲಿತ್ತು. ಓಡಿದೆವು. ಹುಡುಗಿ ಎರಡು ಕಾರ್ಡು ಕೊಟ್ಟಳು. ನನ್ನದು ಎಂಟನೇ ಸಾಲು, ಇವರದು ಇಪ್ಪತ್ತೊಂದು. ಲೇಟಾಗಿ ಬಂದಿದ್ದೀರಿ, ಜೊತೆ ಸೀಟು ಉಳಿದಿಲ್ಲ ಅಂದಳು.

"ಒಂದೇ ಇಮಾನ ತಾನೆ, ಬುಡು" ಅಂದರು.

ಅಲ್ಲೇ, ಜನರ ಮಧ್ಯೆ ಎಲ್ಲ ಹೇಳಿಬಿಟ್ಟೆ. ದಿಬ್ಬಣದ ಬಸ್ಸಿನಿಂದ ಹಿಡಿದು ಇವತ್ತಿನ ಸುಮೋವರೆಗೆ. ಕಣ್ಣಲ್ಲಿ ನೀರು ಬಂತು, ಬರಲಿ. ಇವರು ಬೋರ್ಡಿಂಗ್ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟ್ ವರ್ಸ ಯಾಕೆ ಯೋಳ್ನಿಲ್ಲ ನೀನು?"

"ನೀವು ಒಂದು ಸಲ ಹಿಂದೆ ತಿರುಗಿದ್ರೆ ತಾನೆ ಹೇಳೋದು."

"ಡ್ರೈವರ್ ಇಂದಕ್ಕೆ ತಿರುಗಬಾರ್ದು ಕಣಮ್ಮಿ."

ಬೋರ್ಡಿಂಗ್ ಕರೆಯುತ್ತಿದ್ದಾರೆ. ಈ ವಿಷಯ ಇಲ್ಲಿಗೆ ಬಿಡುವವಳಲ್ಲ ನಾನು.

ಅದೇ ದಿನ. ವಿಮಾನ

ಬಿಡಲಿಲ್ಲ.

ನನಗೆ ಕಿಟಕಿ. ಪಕ್ಕದಲ್ಲಿ ಕೆಲಸಕ್ಕೆ ವಾಪಸ್ ಹೋಗುತ್ತಿದ್ದ ಮಲಯಾಳಿ ಒಬ್ಬರು. ಗುಂಡ್ಲುಪೇಟೆಯಲ್ಲಿ ನಮ್ಮ ಪಕ್ಕದ ಮನೆ ಬಾಳೆಕಾಯಿ ವ್ಯಾಪಾರದವರಿಂದ ಕಲಿತ ಮಲಯಾಳ ಇವತ್ತು ಉಪಯೋಗಕ್ಕೆ ಬಂತು. "ಚೇಟ್ಟಾ, ಒನ್ನು ಮಾರಿ ಇರಿಕ್ಕಾಮೋ?" ಅಂದೆ, ಅಣ್ಣ, ಸ್ವಲ್ಪ ಸೀಟು ಬದಲಿಸ್ತೀರಾ ಅಂತ. ಎಲ್ಲಿಗೆ ಹೋಗಿ ಕೂರಬೇಕು ಅಂತ ಕೇಳಿದರು. ಇಪ್ಪತ್ತೊಂದನೇ ಸಾಲು, ನನ್ನ ಗಂಡ ಅಲ್ಲಿದ್ದಾರೆ ಅಂದೆ. ನಕ್ಕು, ಚೀಲ ತೆಗೆದುಕೊಂಡು ಎದ್ದರು. ದೊಡ್ಡ ಮನುಷ್ಯ.

ಇವರು ಅಲ್ಲಿಂದಲೇ ಕೈ ಆಡಿಸಿದರು, ಬೇಡ, ಇರಲಿ ಅಂತ. ನಾನು ದಾರಿಯ ಮಧ್ಯೆ ನಿಂತೆ. ಏರ್‌ಹೋಸ್ಟೆಸ್ ಕೂರಿ ಅಂದಳು, ಕೂರಲಿಲ್ಲ. "ನೀವು ಎದ್ದು ಬರ್ತೀರೋ ಇಲ್ವೋ?" ನಾಲ್ಕನೇ ಕ್ಲಾಸಿನ ದನಿ. ನಡುವೆ ಕೂತವರೆಲ್ಲ ತಿರುಗಿದರು. ಬಂದರು.

ಏರುವಾಗ ಬಲಗಾಲು ನೆಲ ಒತ್ತಿ ಹಿಡಿದಿದ್ದರು. ನಾನು ಮಂಡಿಯ ಮೇಲೆ ಕೈ ಇಟ್ಟೆ. "ಡ್ರೈವರ್ ಮೊಕಾನೇ ತೋರ್ಸ್ನಿಲ್ಲ ಕಣೆ" ಅಂದರು. ಆಮೇಲೆ ಸೀಟಿನ ಮೇಲೆ, ಅಕ್ಕಪಕ್ಕ ಎಲ್ಲ ಏನೋ ಹುಡುಕಿದರು. ಏನು ಅಂದೆ.

"ಕನ್ನಡಿ. ನನ್ ಗಾಡೀಲಿ ಒಳಗಿನ ಕನ್ನಡಿಯ ಒಸಿ ಬಾಗ್ಸಿ ಇಟ್ಕತಿದ್ದೆ. ನೀನು ಕಾಣ ಹಂಗೆ. ದಿಬ್ಬಣದ್ ಬಸ್ಸಲ್ಲೂವೆ. ನೀ ನಿದ್ದೆ ಮಾಡುದ್ರೆ ನಿಧಾನಕ್ಕೆ ಓಡಿಸ್ತಿದ್ದೆ."

ಇಷ್ಟು ವರ್ಷ ನಾನು ಬೆನ್ನು ನೋಡುತ್ತಿದ್ದೆ. ಇವರು ನನ್ನ ಮುಖ ನೋಡುತ್ತಿದ್ದರು. "ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ" ಅಂತ ಬೈದೆ.

ಕೆಳಗೆ ನೀರು, ಬರೀ ನೀರು. ತೋರಿಸೋಣ ಅಂತ ತಿರುಗಿದರೆ... ನಿದ್ದೆ. ಓಡುವ ಗಾಡಿಯಲ್ಲಿ ಇವರು ಕಣ್ಣು ಮುಚ್ಚಿದ್ದನ್ನು ಇವತ್ತೇ ನೋಡುತ್ತಿರುವುದು. ತಲೆ ನನ್ನ ಬಲಭುಜದ ಮೇಲಿದೆ. ಬರೆಯುವ ಕೈ. ಅಲುಗಿಸಿದರೆ ಏಳುತ್ತಾರೆ. ಪೆನ್ನು ಎಡಗೈಗೆ ಬದಲಾಯಿಸಿ ನೋಡಿದೆ, ಅಕ್ಷರ ಬರು...