ಮೂರು ಸೆಕೆಂಡಿನ ದೀಪ

ಮೇ 28, ಮಂಗಳವಾರ. ಬೆಳಿಗ್ಗೆ 9.20. ಎರ್ನಾಕುಲಂ

ಮತ್ತೆ ಹೊತ್ತಿತು. ಪಾಲಾರಿವಟ್ಟಂ ಸಿಗ್ನಲ್ ದಾಟಿದ ಕೂಡಲೇ. ಹಳದಿ ದೀಪ, ಅದರ ಮೇಲೆ ಎಬಿಎಸ್ ಎಂಬ ಮೂರಕ್ಷರ. ನಿನ್ನೆ ಕಲೂರಿನಲ್ಲಿ, ಮೊನ್ನೆ ಮನೆಯ ಗೇಟಿನಲ್ಲೇ. ಇಂಜಿನ್ ಆಫ್ ಮಾಡಿ ಆನ್ ಮಾಡಿದರೆ ಹತ್ತು ನಿಮಿಷ ಸುಮ್ಮನಿರುತ್ತದೆ. ಹದಿನೈದು ವರ್ಷ ಸಾಕಿದ ಕಾರು... ಇನ್ನೊಬ್ಬರಿಗೆ ಮಾರುವ ಹೊತ್ತಿಗೆ ಹಟ ಹಿಡಿದು ಕೂತಿದೆ.

ಸಂಜೆ 6

ಮೆಕ್ಯಾನಿಕ್ ಮನೋಜ್ ಸ್ಕ್ಯಾನರ್ ಹಾಕಿ ನೋಡಿದ. ಮೊದಲ ಸರ್ವಿಸಿನಿಂದ ಈ ಕಾರು ಮುಟ್ಟಿದವನು ಅವನೊಬ್ಬನೇ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುವ ಎಬಿಎಸ್ ಕಂಟ್ರೋಲ್ ಯೂನಿಟ್ ಕೆಟ್ಟಿದೆಯಂತೆ. ಬ್ರೇಕ್ ಹಿಡಿಯುತ್ತದೆ, ಅದಕ್ಕೇನೂ ಆಗಿಲ್ಲ. ಆದರೆ ಒಮ್ಮೆಲೇ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗುತ್ತದೆ. ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ, ಮಳೆಯಲ್ಲಿ ನೆಟ್ಟಗೆ ಜಾರಿಕೊಂಡು ಹೋಗುತ್ತದೆ. ಈ ಮಾಡೆಲ್ಲಿಗೆ ಹೊಸ ಯೂನಿಟ್ ಈಗ ಬರುವುದಿಲ್ಲ. ಬಿಚ್ಚಿ ಕಲೂರಿನ ಸಜೀವನ್‌ಗೆ ಕೊಟ್ಟರೆ ಒಳಗೆ ಬೆಸುಗೆ ಹಾಕಿ ಸರಿಮಾಡುತ್ತಾನೆ. ಆದರೆ ಅವನ ಮೇಜಿನ ಮೇಲೆ ಈಗಾಗಲೇ ಸಾಲು. ಮೂರು ವಾರ.

ಮೂರು ವಾರ ಎಲ್ಲಿದೆ? ಜೂನ್ ಒಂಬತ್ತಕ್ಕೆ ಕಾರು ಶ್ರೀವಿದ್ಯಾಳ ಕೈ ಸೇರಬೇಕು. ದಿನಕರ ಪಂಚಾಂಗ ನೋಡಿ ಹೇಳಿದ ದಿನ. ದಿನಕರ ಕಾಸರಗೋಡಿನಲ್ಲಿ ವಕೀಲ, ಕಾಲೇಜಿನಲ್ಲಿ ನನ್ನ ಬೆಂಚಿನವನು. ಅವನ ತಂಗಿ ಶ್ರೀವಿದ್ಯಾ ತಿರುವನಂತಪುರದ ಪಟ್ಟಂನಲ್ಲಿ ಕೇಂದ್ರ ಸರ್ಕಾರದ ಆಫೀಸಿನಲ್ಲಿದ್ದಾಳೆ. ಗಂಡನಿಗೆ ಚೆನ್ನೈಯಲ್ಲಿ ಕೆಲಸ. ನಲವತ್ತನಾಲ್ಕಕ್ಕೆ ಡ್ರೈವಿಂಗ್ ಕಲಿತಿದ್ದಾಳೆ, ಮಗಳನ್ನು ಶಾಲೆಗೆ ಬಿಡಲು.

‘ಹದಿನೈದು ವರ್ಷದಲ್ಲಿ ಒಂದು ದಿನ ಕೈ ಕೊಟ್ಟದ್ದಿಲ್ಲ ಮಾರಾಯ’ ಎಂದು ಹೋದ ವಾರವಷ್ಟೇ ದಿನಕರನ ಹತ್ತಿರ ಕೊಚ್ಚಿಕೊಂಡಿದ್ದೆ.

ಜೂನ್ 6, ಗುರುವಾರ

ಮನೋಜ್ ಹತ್ತಿರ ಮೀಟರ್ ಬಿಚ್ಚಿಸಿ ಆ ದೀಪದ ಮೇಲೆ ಕಪ್ಪು ಟೇಪ್ ಹಾಕಿಸಿದೆ. ಬೇಡ ಸಾರ್ ಎಂದ. ಎರಡು ಸಲ ಎಂದ. ಹೊಸದಾಗಿ ಕಲಿತವಳು, ದೀಪ ಕಂಡರೆ ಹೆದರುತ್ತಾಳೆ, ಒಂದು ತಿಂಗಳು ಬಿಟ್ಟು ನಾನೇ ತಂದು ರಿಪೇರಿ ಮಾಡಿಸುತ್ತೇನೆ ಎಂದೆ. ಹೇಳುವಾಗ ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಒಂದಿಂಚು ಟೇಪ್. ಐದು ನಿಮಿಷದ ಕೆಲಸ.

ಜೂನ್ 9, ಭಾನುವಾರ

ಕಾರು ಕೊಟ್ಟು ಹೊರಟೆವು. ಹೆಂಡತಿ ರತ್ನ ರೈಲಿನಲ್ಲಿ ನಿದ್ದೆ ಮಾಡುತ್ತಿದ್ದಾಳೆ.

ದಾರಿಯುದ್ದಕ್ಕೂ, ಪಟ್ಟಂ ಮುಟ್ಟಿದ ಕೂಡಲೇ ಹೇಳಿಬಿಡಬೇಕು ಅಂದುಕೊಂಡೇ ಹೋದದ್ದು. ಶ್ರೀವಿದ್ಯಾ ಆರತಿ ತಟ್ಟೆ ಹಿಡಿದು ಕೆಳಗೇ ನಿಂತಿದ್ದಳು. ಬೇಕಾದರೆ ನಿನ್ನ ಕಡೆಯ ಮೆಕ್ಯಾನಿಕ್‌ಗೊಮ್ಮೆ ತೋರಿಸು ಎಂದೆ. ಅಷ್ಟು ಹೇಳಿದ್ದು ನಿಜ. ಅವಳು ನಕ್ಕುಬಿಟ್ಟಳು.

‘ನಿಮ್ಮ ಕಾರು ಅಂದ ಮೇಲೆ ನೋಡ್ಲಿಕ್ಕೆ ಎಂತ ಉಂಟು ಉಪೇಂದ್ರಣ್ಣ? ನಮ್ಮವರು ನಮ್ಮವರಿಗೆ ಕೊಡುವುದು.’

ಅಲ್ಲಿಗೆ ಹೇಳಬೇಕೆಂದದ್ದನ್ನು ಬಿಟ್ಟು ಕೀ ಅವಳ ಕೈಗೆ ಹಾಕಿದೆ. ಇಷ್ಟು ದೂರದ ಊರಿನಲ್ಲಿ ನಾವು ಕನ್ನಡದ ಹತ್ತಿಪ್ಪತ್ತು ಮನೆಯವರು ಒಬ್ಬರನ್ನೊಬ್ಬರು ಕಣ್ಣುಮುಚ್ಚಿ ನಂಬಿಕೊಂಡೇ ಬದುಕುವುದು. ಮೆಕ್ಯಾನಿಕ್‌ಗೆ ತೋರಿಸುವುದೆಂದರೆ ನನ್ನನ್ನು ಅವಮಾನ ಮಾಡಿದ ಹಾಗೆ ಎಂದು ಅವಳ ಎಣಿಕೆ. ಅವಳು ತೋರಿಸುವುದಿಲ್ಲ ಅಂತ ಗೊತ್ತಿದ್ದೇ ಹೇಳಿದೆನೋ ಏನೋ.

ಆಮೇಲೆ ಮಾಡಿದ್ದು ಇನ್ನೂ ಕೆಟ್ಟದ್ದು. ಕಳಕ್ಕೂಟಂ ಕಡೆಗೆ ಅವಳಿಂದಲೇ ಓಡಿಸಿದೆ. ಮಳೆ ಹನಿಯುತ್ತಿತ್ತು, ಅವಳು ಎರಡನೇ ಗೇರಿನಿಂದ ಮೇಲೆ ಹೋಗಲೇ ಇಲ್ಲ. ಧೈರ್ಯ ತುಂಬಲು ಹೋಗಿ ಮೇಷ್ಟ್ರಾದೆ. ‘ಇದಕ್ಕೆ ಎಬಿಎಸ್ ಉಂಟು. ಹೆದರಿಕೆ ಆದ್ರೆ ಬ್ರೇಕ್ ಪೂರ್ತಿ ಒತ್ತಿ ಹಿಡಿ, ಬಿಡ್ಬೇಡ. ಬಾಕಿದ್ದು ಅದೇ ನೋಡಿಕೊಳ್ತದೆ.’

ನಾನು ಈ ಹನ್ನೆರಡು ದಿನ ಬ್ರೇಕನ್ನು ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ಓಡಿಸಿದವನು.

ಹಿಂದಿನ ಸೀಟಿನಲ್ಲಿ ಮಗಳು ಅನನ್ಯ. ಹನ್ನೊಂದು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಒಂದೇ ಒಂದು ಮಾತು ಕನ್ನಡದಲ್ಲಿ ಆಡಿದರೆ ಚಾಕಲೇಟ್ ಎಂದೆ. ಚಾಕಲೇಟ್ ವೇಂಡ ಅಂಕಲ್, ಎಂದಳು. ಬೇಡವಂತೆ.

ಜೂನ್ 25, ಮಂಗಳವಾರ

ನಮ್ಮ ಬ್ಯಾಂಕಿನ ಒಂದು ಬ್ರಾಂಚ್ ಇನ್ಸ್‌ಪೆಕ್ಷನ್. ಕಳ್ಳರ ಅಲಾರಂ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತದೆ ಅಂತ ಮ್ಯಾನೇಜರ್ ಅದರ ತಂತಿಯನ್ನೇ ಕಿತ್ತಿಟ್ಟಿದ್ದಾರೆ. ‘ಗಂಭೀರ ಲೋಪ’ ಎಂದು ಬರೆದೆ. ಪಾಪ, ಮುಖ ಸಣ್ಣ ಮಾಡಿಕೊಂಡರು. ಸಹಿ ಹಾಕಿ ಹೊರಗೆ ಬಂದು ಎಷ್ಟೋ ಹೊತ್ತು ಛತ್ರಿ ಬಿಡಿಸದೆ ನಿಂತಿದ್ದೆ. ಬರುವ ಶನಿವಾರ ಕಾರು ತಂದುಬಿಡಬೇಕು.

ಜುಲೈ 18, ಗುರುವಾರ. ಸಂಜೆ 4.40

ದಿನಕರನ ಫೋನು.

ಬೆಳಿಗ್ಗೆ ಎಂಟಕ್ಕೆ, ಕೇಶವದಾಸಪುರಂ ಹತ್ತಿರ. ಜೋರು ಮಳೆ. ಮುಂದಿದ್ದ ಸಿಟಿ ಬಸ್ಸು ನಿಂತಿತು, ಇವಳ ಕಾರು ನಿಲ್ಲಲಿಲ್ಲ. ಜಾರಿಕೊಂಡು ಹೋಗಿ ಬಸ್ಸಿನ ಹಿಂಭಾಗಕ್ಕೆ ಗುದ್ದಿದೆ. ಶ್ರೀವಿದ್ಯಾಳ ಬಲಗೈ ಮಣಿಕಟ್ಟು ಮುರಿದಿದೆ. ಅನನ್ಯಳ ಗಲ್ಲ ಮುಂದಿನ ಸೀಟಿಗೆ ಬಡಿದು ಮೂರು ಹೊಲಿಗೆ. ದೊಡ್ಡದೇನಲ್ಲ, ಪುಣ್ಯ ಎಂದ ದಿನಕರ. ಅವಳಿಗೆ ಡ್ರೈವಿಂಗ್ ಹೇಳಿದ್ದಲ್ಲ, ನಾವೇ ಹುರಿದುಂಬಿಸಿ ಕೆಡಿಸಿದೆವು ಎಂದೂ ಹೇಳಿದ.

ಬರುವ ಶನಿವಾರ, ಬರುವ ಶನಿವಾರ... ಮೂರು ಶನಿವಾರ ಹೋಗಿತ್ತು.

ಜುಲೈ 20, ಶನಿವಾರ. ಪಟ್ಟಂ

ಹಣ್ಣು ಹಿಡಿದುಕೊಂಡು ಹೋದೆ. ರೋಗಿ ನೋಡಲು ಬಂದ ದೊಡ್ಡ ಮನುಷ್ಯ.

ಪ್ಲಾಸ್ಟರ್ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಶ್ರೀವಿದ್ಯಾ ನನ್ನ ಕ್ಷಮೆ ಕೇಳಿದಳು. ನನ್ನ! ‘ಇಷ್ಟು ವರ್ಷ ಗೀರು ಬೀಳದ ಹಾಗೆ ಇಟ್ಟುಕೊಂಡ ಕಾರು, ನಾನು ಹಾಳು ಮಾಡಿದೆ. ನೀವು ಹೇಳಿದ ಹಾಗೇ ಒತ್ತಿ ಹಿಡಿದೆ ಅಂತ ನಾನು ಎಣಿಸಿದ್ದು. ಹೆದರಿ ಕಾಲು ಸರಿ ಒತ್ತಲೇ ಇಲ್ಲ ಕಾಣ್ತದೆ.’

ಗಲ್ಲದ ಮೇಲೆ ಬ್ಯಾಂಡೇಜು ಅಂಟಿಸಿಕೊಂಡ ಅನನ್ಯ ಬಾಗಿಲಲ್ಲಿ ನಿಂತಿದ್ದಳು. ‘ಅಮ್ಮ ಚವಿಟ್ಟಿ, ಅಂಕಲ್. ಞಾನ್ ಕಂಡು’ ಎಂದಳು. ಅಮ್ಮ ಬ್ರೇಕ್ ತುಳಿದದ್ದನ್ನು ಅವಳು ನೋಡಿದ್ದಾಳೆ. ಶ್ರೀವಿದ್ಯಾ ಅವಳನ್ನು ಗದರಿದಳು. ಇನ್ನು ಮುಂದೆ ತಾನು ಸ್ಟೇರಿಂಗ್ ಮುಟ್ಟುವುದಿಲ್ಲ, ಮಗುವನ್ನು ಕೊಲ್ಲುತ್ತಿದ್ದೆ ಎಂದಳು.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಚಾ ಬಂತು. ಕುಡಿದೆ. ಕುಡಿದು, ಗಾಡಿ ನನಗೆ ಬಿಡು, ಎರ್ನಾಕುಲಂಗೆ ಒಯ್ದು ಮನೋಜ್ ಹತ್ತಿರ ಹೊಸದರ ಹಾಗೆ ಮಾಡಿಸುತ್ತೇನೆ ಎಂದೆ. ಅವಳ ಕಣ್ಣು ತುಂಬಿತು. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಆದರೂ ಕೀ ಇಸಕೊಂಡು ಬಂದೆ.

ಜುಲೈ 21, ಭಾನುವಾರ

ಒಡೆದ ಬಂಪರ್ ಹಗ್ಗದಲ್ಲಿ ಕಟ್ಟಿಕೊಂಡು ಎರ್ನಾಕುಲಂವರೆಗೆ ಓಡಿಸಿದೆ. ಮಳೆ. ಲಾರಿ ಅಡ್ಡ ಬಂದಾಗಲೆಲ್ಲ ಬ್ರೇಕ್ ಒತ್ತಿ, ಬಿಟ್ಟು, ಒತ್ತಿ, ಬಿಟ್ಟು. ಅವಳು ಒಂದು ತಿಂಗಳು ದಿನಾ ಮಗುವನ್ನು ಕೂರಿಸಿಕೊಂಡು ಇದರಲ್ಲೇ...

ಮನೋಜ್ ಕಾರಿನ ಮುಂಭಾಗ ನೋಡಿದ. ನನ್ನನ್ನು ನೋಡಿದ. ಬಾನೆಟ್ ಎತ್ತಿ ಯೂನಿಟ್ ಬಿಚ್ಚತೊಡಗಿದ.

ಆಗಸ್ಟ್ 8, ಗುರುವಾರ

ಕಲೂರು, ಸಜೀವನ್‌ನ ಅಂಗಡಿ. ಯೂನಿಟ್ ಅಂಗೈಯಗಲದ ಕಪ್ಪು ಡಬ್ಬಿ. ಮುಚ್ಚಳಕ್ಕೆ ಸ್ಕ್ರೂ ಇಲ್ಲ, ಅಂಟು. ಸಣ್ಣ ಬ್ಲೇಡಿನಿಂದ ಅಂಚು ಕೊಯ್ದು ಬಿಡಿಸಿದ. ಅವಸರ ಮಾಡಿದರೆ ಒಳಗಿನ ಕೂದಲೆಳೆಯಂಥ ತಂತಿಗಳು ಹೋಗುತ್ತವಂತೆ. ಲೆನ್ಸ್ ಕೊಟ್ಟು ನನಗೂ ತೋರಿಸಿದ. ಎರಡು ಕಡೆ ಬೆಸುಗೆಯ ಸುತ್ತ ಉಂಗುರದ ಹಾಗೆ ಬಿರುಕು. ಇಂಜಿನ್ ಬಿಸಿಯಾದಾಗ ಬಿಡುತ್ತದೆ, ತಣ್ಣಗಾದಾಗ ಸೇರುತ್ತದೆ. ಅದಕ್ಕೇ ದೀಪ ಬಂದು ಹೋಗಿ ಮಾಡುತ್ತಿದ್ದದ್ದು.

ಹಳೆ ಬೆಸುಗೆ ತೆಗೆದು ಹೊಸದು ಹಾಕಿದ. ನಲವತ್ತು ನಿಮಿಷ. ಅಷ್ಟೇ. ಮತ್ತೆ ಅಂಟು ಹಾಕಿ ಮುಚ್ಚಿ, ಒಂದು ದಿನ ಒಣಗಲಿ ಎಂದ.

ಆಗಸ್ಟ್ 11, ಭಾನುವಾರ

ಕಾರು ಪಟ್ಟಂಗೆ ಮುಟ್ಟಿಸಿದೆ. ನಿನ್ನೆ ಯೂನಿಟ್ ಕೂರಿಸಿದವನು ಸಜೀವನ್ನೇ. ಮನೋಜ್ ತಂಗಿಯ ಮನೆಯೊಕ್ಕಲಿಗೆ ಹೋಗಿದ್ದ.

ಬೆಳಿಗ್ಗೆ ಖಾಲಿ ರಸ್ತೆ ನೋಡಿ ಬ್ರೇಕ್ ಪೂರ್ತಿ ಒತ್ತಿದೆ. ಪೆಡಲು ಪಾದದಡಿಯಲ್ಲಿ ಟರ್‌ಟರ್ ಎಂದು ಅದುರಿತು. ಸ್ಟೇರಿಂಗ್ ಹೇಳಿದ ಮಾತು ಕೇಳಿತು, ಕಾರು ನೆಟ್ಟಗೆ ನಿಂತಿತು. ಒಬ್ಬನೇ ಕೂತು ಅತ್ತೆ. ಐವತ್ತೇಳು ವರ್ಷದವನು.

ಚೇರ್ತಲದಲ್ಲಿ ಚಾ ಕುಡಿದು ಕೀ ತಿರುಗಿಸಿದಾಗ ನೆನಪಾಯಿತು. ಟೇಪ್! ಮೀಟರ್ ಯಾರೂ ಬಿಚ್ಚಿಲ್ಲ. ವಾಪಸ್ ಹೋಗಬಹುದಿತ್ತು. ಇರಲಿ, ಒಳಗೆ ಸರಿಯಾಗಿದೆಯಲ್ಲ, ಇನ್ನು ಯಾರಿಗೆ ಗೊತ್ತಾಗಬೇಕು ಎಂದು ಮುಂದೆ ಬಿಟ್ಟೆ. ಒಂದು ಸುಳ್ಳು ಒಳಗೇ ರಿಪೇರಿಯಾಗಿ ಹೋಯಿತು ಅಂತ ಸಮಾಧಾನ.

ಸೆಪ್ಟೆಂಬರ್ 15, ಭಾನುವಾರ

ತಿರುವೋಣಂ, ಓಣಂ ಹಬ್ಬದ ದೊಡ್ಡ ದಿನ. ಶ್ರೀವಿದ್ಯಾ ಫೋನು ಮಾಡಿದ್ದಳು, ರತ್ನ ಮಾತಾಡಿದಳು. ಕಾರು ಕೆಳಗೆ ನಿಂತೇ ಇದೆಯಂತೆ. ಅಮ್ಮ, ಮಗಳು ಬಸ್ಸಿನಲ್ಲೇ ಓಡಾಟ. ನಾನು ಬಚ್ಚಲಲ್ಲಿದ್ದೇನೆ ಎಂದು ಸನ್ನೆ ಮಾಡಿದೆ.

ಅಕ್ಟೋಬರ್ 6, ಭಾನುವಾರ. ಬೆಳಿಗ್ಗೆ 11

ಶ್ರೀವಿದ್ಯಾಳ ಫೋನು. ಟೇಪ್ ಸಿಕ್ಕಿತು.

ಹೆದರಿಕೆ ಹೋಗಲಿ ಎಂದು ಶ್ರೀವಿದ್ಯಾ ಕಾರಿನ ಮ್ಯಾನುವಲ್ ಓದಲು ಕೂತಳಂತೆ. ಆಫೀಸಿನಲ್ಲಿ ಸರ್ಕ್ಯುಲರ್ ಓದುವ ಹಾಗೆ, ಮೊದಲ ಪುಟದಿಂದ. ನಾನು ಹದಿನೈದು ವರ್ಷ ಅದನ್ನು ಬಿಡಿಸಿಯೂ ನೋಡಿಲ್ಲ. ಕೀ ತಿರುಗಿಸಿದಾಗ ಎಬಿಎಸ್ ದೀಪ ಮೂರು ಸೆಕೆಂಡ್ ಹೊತ್ತಿ ಆರಬೇಕು ಅಂತ ಅದರಲ್ಲಿದೆ. ಇವಳದ್ದರಲ್ಲಿ ಹೊತ್ತುವುದೇ ಇಲ್ಲ. ಬಲ್ಬ್ ಹೋಗಿರಬೇಕು ಎಂದು ಪಟ್ಟಂನ ವರ್ಕ್‌ಶಾಪಿಗೆ ಒಯ್ದಳು. ಮೀಟರ್ ಬಿಚ್ಚಿದರೆ ಕಪ್ಪು ಟೇಪ್. ಯೂನಿಟ್ ನೋಡಿದರೆ ಇತ್ತೀಚೆಗೆ ಹಾಕಿದ ಅಂಟು.

ಇಗೋ ಬಂತು, ಎಂದು ಕಣ್ಣು ಮುಚ್ಚಿಕೊಂಡೆ. ಅವಳು ಹೇಳಿದ್ದು ಬೇರೆಯೇ.

‘ನಿಮಗೂ ಮೋಸ ಆಗಿದೆ ಉಪೇಂದ್ರಣ್ಣ. ಎಲ್ಲ ಆ ಮನೋಜನ ಕೆಲಸ. ಮೊದಲು ದೀಪ ಮುಚ್ಚಿದ. ಆಕ್ಸಿಡೆಂಟ್ ಆದ ಮೇಲೆ ಹೆದರಿ ನಿಮಗೂ ಗೊತ್ತಾಗದ ಹಾಗೆ ರಿಪೇರಿ ಮಾಡಿಟ್ಟಿದ್ದಾನೆ. ಇಷ್ಟು ವರ್ಷ ಅವನನ್ನು ನಂಬಿದ್ರಲ್ಲ ನೀವು.’

ಹೇಳುತ್ತಾ ಅತ್ತಳು. ಸಿಟ್ಟಿಗಲ್ಲ, ನೆಮ್ಮದಿಗೆ. ತನ್ನ ಕಾಲಿನ ತಪ್ಪಲ್ಲ ಅಂತ ಈಗ ಗೊತ್ತಾಯಿತಂತೆ. ಮೂರು ತಿಂಗಳು ಅದನ್ನು ಹೊತ್ತುಕೊಂಡು ತಿರುಗಿದ್ದಾಳೆ. ದಿನಕರ ಮನೋಜ್‌ಗೆ ಲಾಯರ್ ನೋಟೀಸು ಕಳಿಸುತ್ತಾನಂತೆ.

ಹೌದಾ, ಎಂದೆ.

ಅಕ್ಟೋಬರ್ 8, ಮಂಗಳವಾರ

ಮನೋಜ್ ಫೋನು ಮಾಡಿದ. ನಾನು ಮಾಡಬೇಕಿತ್ತು. ಶ್ರೀವಿದ್ಯಾ ಅವನನ್ನು ವಿಚಾರಿಸಿಕೊಂಡಿದ್ದಾಳೆ. ಕಳ್ಳ ಎಂದಿದ್ದಾಳೆ. ‘ಸಾರಿಂಡೆ ಪೇರ್ ಞಾನ್ ಪರಞ್ಞಿಲ್ಲ’ ಎಂದ. ನನ್ನ ಹೆಸರು ಹೇಳಿಲ್ಲ. ಬಯ್ಯಲೂ ಇಲ್ಲ. ನೋಟೀಸು ಬಂದರೆ ಉತ್ತರ ಏನು ಬರೆಯಲಿ ಅಂತ ಮಾತ್ರ ಕೇಳಿದ.

ಏನೂ ಬರೆಯಬೇಡ, ಶನಿವಾರದವರೆಗೆ ತಡಿ ಎಂದೆ. ಮತ್ತೆ ಶನಿವಾರ! ಆದರೆ ಈ ಸಲ ನೆಪ ಅಲ್ಲ. ಆಯುಧಪೂಜೆಗೆ ಶ್ರೀವಿದ್ಯಾ ನನ್ನನ್ನೇ ಕರೆದಿದ್ದಾಳೆ. ಪೂಜೆಯ ಹೊತ್ತಿಗೆ ದಿನಕರನಿಗೆ ಬರಲಾಗುವುದಿಲ್ಲ, ಅಣ್ಣನ ಜಾಗದಲ್ಲಿ ನಿಂತು ಕಾರಿಗೆ ಕಾಯಿ ಒಡೆದುಕೊಡಿ ಅಂತ.

ಅಕ್ಟೋಬರ್ 12, ಶನಿವಾರ. ಸಂಜೆ 6.15

ಹೇಳಿದೆ.

ಬರೆದಿಡುತ್ತೇನೆ, ಆದದ್ದು ಆದ ಹಾಗೆ. ಕಾರು ತೊಳೆದು ಹೂ ಹಾಕಿದ್ದರು. ನಾಲ್ಕು ಚಕ್ರದ ಅಡಿಗೂ ನಿಂಬೆಹಣ್ಣು. ರತ್ನ ಮನೆಯಿಂದ ಕೊಟ್ಟು ಕಳಿಸಿದ ಕಾಯಿ ನನ್ನ ಕೈಯಲ್ಲಿ. ಒಡೆಯುವ ಮೊದಲು ಒಮ್ಮೆ ಒಳಗೆ ಕೂತು ನೋಡಿ ಎಂದಳು ಶ್ರೀವಿದ್ಯಾ. ಅವಳ ಪಕ್ಕದಲ್ಲಿ ನಾನು, ಹಿಂದೆ ಅನನ್ಯ. ಕೀ ತಿರುಗಿಸಿದಳು. ಹಳದಿ ದೀಪ ಹೊತ್ತಿತು. ಒಂದು, ಎರಡು, ಮೂರು ಎಂದು ಬೆರಳು ಮಡಿಸಿ ಎಣಿಸಿದಳು. ಆರಿತು. ಮಕ್ಕಳ ಹಾಗೆ ನಕ್ಕಳು.

ಟೇಪ್ ಹಾಕಿಸಿದ್ದು ನಾನು, ಮನೋಜ್ ಬೇಡ ಅಂದಿದ್ದ, ಎಂದೆ.

ನಗು ನಿಲ್ಲಲಿಲ್ಲ. ‘ನಿಮ್ಮದು ಮೆದು ಮನಸ್ಸು ಉಪೇಂದ್ರಣ್ಣ. ಆ ಜನವನ್ನು ಉಳಿಸ್ಲಿಕ್ಕೆ ನಿಮ್ಮ ತಲೆ ಮೇಲೆ ಹಾಕ್ಕೊಳ್ಬೇಡಿ’ ಎಂದಳು. ಅವಳು ನಂಬಲಿಲ್ಲ. ಅಲ್ಲಿಗೇ ಬಿಡಬಹುದಿತ್ತು. ಹೇಳಿದ ಹಾಗೂ ಆಯಿತು, ಉಳಿದ ಹಾಗೂ ಆಯಿತು. ನಿಜ ಹೇಳಬೇಕೆಂದರೆ ಒಂದು ಗಳಿಗೆ ಹಗುರವಾಯಿತು.

ಆಗ ಹಿಂದಿನ ಸೀಟಿನಿಂದ ಅನನ್ಯ ಕೇಳಿದಳು. ಕನ್ನಡದಲ್ಲಿ.

‘ಮಾವ, ನಿಮಗೆ ಗೊತ್ತಿತ್ತಾ?’

ಗೊತ್ತಿತ್ತು, ಎಂದೆ.

‘ನನಗೆ ತಾಗುವ ಮೊದ್ಲೇ?’

ಮೊದಲೇ, ಎಂದೆ. ತಿರುಗಿ ಅವಳ ಮುಖ ನೋಡಿಯೇ ಹೇಳಿದೆ. ಗಲ್ಲದ ಮೇಲೆ ಬಿಳಿ ಗೆರೆ ಉಳಿದಿದೆ.

ಶ್ರೀವಿದ್ಯಾ ಕೀ ತೆಗೆದು ಇಳಿದಳು. ಒಂದೊಂದೇ ಚಕ್ರದ ಹತ್ತಿರ ಬಗ್ಗಿ ನಿಂಬೆಹಣ್ಣು ಹೆಕ್ಕಿದಳು. ನಾಲ್ಕನ್ನೂ ಸೆರಗಿಗೆ ಹಾಕಿಕೊಂಡ ಮೇಲೆ, ‘ಅಣ್ಣನಿಗೆ ಫೋನ್ ಮಾಡಿ ಹೇಳಿ. ಇಲ್ಲಿಂದಲೇ’ ಎಂದಳು. ಅಣ್ಣ ಎಂದದ್ದು ದಿನಕರನನ್ನು. ನನ್ನನ್ನು ಏನೂ ಕರೆಯಲಿಲ್ಲ.

ಹೇಳಿದೆ. ನೋಟೀಸು ಕಳಿಸುವುದಿದ್ದರೆ ನನಗೆ ಕಳಿಸು ಎಂದೂ ಹೇಳಿದೆ. ದಿನಕರ ‘ಫೋನ್ ಇಡು’ ಎಂದ. ರೈಲು ಹತ್ತುವ ಮೊದಲು ಮನೋಜ್‌ಗೂ ಮಾಡಿದೆ. ಸರಿ ಸಾರ್, ಎಂದ. ಅಷ್ಟೇ.

ಚೀಲ ಬಿಚ್ಚಿ ರತ್ನ ಈಗ ತಾನೇ ಕೇಳಿದಳು, ಕಾಯಿ ಯಾಕೆ ಒಡೆಯದೆ ಹಾಗೇ ಬಂತು ಅಂತ. ಬಾಗಿಲಲ್ಲೇ ನಿಂತಿದ್ದಾಳೆ, ಕೈಯಲ್ಲಿ ಕಾಯಿ. ಅವಳಿಗೆ ಏನೂ ಗೊತ್ತಿಲ್ಲ. ಇಷ್ಟು ದಿನ ಅವಳಿಗೂ ನಾನು —