ಕುರುಬನ ವೇಷಕ್ಕೆ ನೀಲಿ ಕವರಾಲ್

೧೯ ಡಿಸೆಂಬರ್ ೨೦೧೪, ಶುಕ್ರವಾರ

ವಾರವಿಡೀ ನನ್ನನ್ನು ಕೊರೆಯುತ್ತಿದ್ದ ಸಂಗತಿ ಇವತ್ತು ಮುಗಿಯಿತು.

ಕ್ರಿಸ್ಮಸ್ ನಾಟಕದ ಕುರುಬರಿಗೆಂದು ನಾನು ಹೊಲಿದ ನಿಲುವಂಗಿಗಳನ್ನು ನಿರ್ದೇಶಕ ಡ್ಯಾರಲ್ ಬೇಡವೆಂದಿದ್ದ. ಮಧ್ಯಯುಗದ ಯುರೋಪಿನಲ್ಲಿ ಈ ನಾಟಕ ಆಡುವಾಗ ಕುರುಬರು ತಮ್ಮೂರಿನ ದುಡಿಯುವವರ ಬಟ್ಟೆಯಲ್ಲೇ ಬರುತ್ತಿದ್ದರಂತೆ. "ನಾರ್ಬರ್ಟ್ ಅಂಕಲ್, ನಿಮ್ಮ ಸೈಟಿನ ಕವರಾಲೇ ಸಾಕು" ಎಂದಿದ್ದ.

ಕುರುಬನ ಪಾತ್ರದಲ್ಲಿದ್ದ ನನ್ನ ಗಂಡನ ಮುಖ ಬಾಡಿತ್ತು. ಹನ್ನೊಂದು ವರ್ಷಗಳಿಂದ ಕೆಲಸದ ಆ ನೀಲಿ ಇಡೀಮೈ ಉಡುಪನ್ನು ಸೈಟಿನಲ್ಲೇ ಬದಲಿಸಿ, ಇಸ್ತ್ರಿ ಹಾಕಿದ ಶರ್ಟಿನಲ್ಲಿ ಮನೆಗೆ ಬರುವವರು ಇವರು. ಅಪ್ಪನದು ಆಫೀಸಿನ ಕೆಲಸವೆಂದೇ ನಮ್ಮ ಮಗಳು ಸ್ಟೇಸಿಯ ನಂಬಿಕೆ.

"ಅವಳೆದುರು ನನ್ನಿಂದ ಆಗ್ಲಿಕ್ಕಿಲ್ಲ ಎಮಿಲಿಯಾ."

"ಬೇರೆಯವರು ಹೇಳುವ ಮೊದ್ಲು ನೀವೇ ತೋರಿಸಿ ಮಾರಾಯ್ರೆ" ಎಂದಿದ್ದೆ.

ಇವತ್ತು ರಿಹರ್ಸಲ್‌ಗೆ ಕವರಾಲ್ ತೊಟ್ಟೇ ಬಂದರು. ದೇವದೂತೆಯ ರೆಕ್ಕೆ ಕಟ್ಟಿಕೊಂಡಿದ್ದ ಸ್ಟೇಸಿ ಹತ್ತಿರ ಹೋಗಿ ನೋಡಿದಳು.

"ಡ್ಯಾಡಾ, ಈಸ್ ದಿಸ್ ಯುವರ್ಸ್?"

"ಹೌದು ಮಗಾ. ನಾನು ವೆಲ್ಡರ್."

ತೋಳಿನ ಮೇಲೆ ಕಿಡಿ ಬಿದ್ದು ಸುಟ್ಟ ತೂತುಗಳಿದ್ದವು. ಒಂದೊಂದರ ಮೇಲೂ ಬೆರಳಿಟ್ಟು ಕೇಳಿದಳು: "ಡಿಡ್ ಇಟ್ ಹರ್ಟ್?"

ಇವರು ಹೌದೆಂದು ತಲೆಯಾಡಿಸಿದರು, ಅಷ್ಟೆ.

ಇಂಟರ್‌ನ್ಯಾಷನಲ್ ಸಿಟಿಯಲ್ಲಿರುವ ನಮ್ಮ ಮನೆಗೆ ಹೋಗುವ ಬಸ್ಸಿಗೆ ಕವರಾಲಿನಲ್ಲೇ ಹತ್ತಿದರು. ಸ್ಟೇಸಿ ಆ ತೋಳಿಗೆ ಒರಗಿ ನಿದ್ದೆಹೋದಳು. ನಮ್ಮ ಸ್ಟಾಪ್ ಬಂದರೂ ಇವರು ಅವಳನ್ನು ಎಬ್ಬಿಸಲಿಲ್ಲ. ಇನ್ನೊಂದು ಸ್ಟಾಪ್ ಹೋಗಲಿ ಎಂದು ನಾನೂ ಕೂತೇ ಇದ್ದೆ.