ಅಂಬಪ್ಪಗ ಲಂಗದ ಸುದ್ದಿ ಹೇಳಿದವರು ಯಾರು?

ಸಿಂಧನೂರು
೧೨-೨-೧೯೯೬

ಪ್ರೀತಿಯ ತಮ್ಮ ಯಂಕೋಬಗ ನಿನ್ನ ಅಕ್ಕನ ಆಶೀರ್ವಾದ.

ನಾವೆಲ್ಲ ಆರಾಮ ಅದೀವಿ. ನೀ ಹೆಂಗದಿ? ಹೊತ್ತಿಗೆ ಸರಿಯಾಗಿ ಉಣ್ತಿಯೋ ಇಲ್ಲೋ? ಚಳಿಗಾಲ ಬಂತಂದ್ರ ನಿನಗ ಕೆಮ್ಮು ಹತ್ತತಿತ್ತು, ಈಗ ಕಡಿಮಿ ಆಗೈತೇನು? ಮನಿ ಬಿಟ್ಟು ಹೋಗಿ ಏಳು ವರ್ಷ ಆತು, ಒಂದು ಕಾರ್ಡು ಬರೀಲಿಲ್ಲ ನೀ. ಅವ್ವ ಸತ್ತ ಮ್ಯಾಲೆ ನಿನ್ನ ಎತ್ತಿ ಆಡಿಸಿದಾಕಿ ನಾನು, ನನಗರ ಒಂದು ಸಾಲು ಬರೀಬೇಕು ಅನಿಸಲಿಲ್ಲೇನು? ಇರ್ಲಿ. ನಿನ್ನ ವಿಳಾಸ ಗೊತ್ತಿಲ್ಲದಾಕಿ ಕಾಗದ ಹೆಂಗ ಬರದಾಳ ಅಂತ ನೀ ಗಾಬರಿ ಆಗಿರಬೇಕು. ಆಗು. ನಾ ಎಲ್ಲಾ ಹಿಡದೀನಿ.

ದೀಪಾವಳಿ ಆದ ಮ್ಯಾಲೆ ಇಲ್ಲಿ ನಗಿ ಕಾರ್ಯಕ್ರಮ ಇಟ್ಟಿದ್ರು. ನಮ್ಮ ಮನಿಯವರು ಟೇಪ್‌ರಿಕಾರ್ಡಿನ್ಯಾಗ ಬರೇ ನಗಿ ಕ್ಯಾಸೆಟ್ಟೇ ಹಾಕ್ತಾರ, ಅವರಿಗೆ ಹುಚ್ಚು. ವಳಕಮದಿನ್ನಿಯಿಂದ ಅಪ್ಪನೂ ಬಂದಿದ್ದ, ಮೂವರೂ ಹೋದಿವಿ. ಮೊದಲು ಮಸ್ಕಿ ಬಂದೇಸಾಬ ಬಂದ. ಬಸ್ಸು, ಟ್ರ್ಯಾಕ್ಟರು, ಎಮ್ಮಿ, ಎಲ್ಲಾ ಬಾಯಾಗ ತಗೀತಾನ. ಮೊದಲನೇ ಸಲ ಕೇಳಾಕ ಚಲೋನ ಐತಿ, ಎರಡನೇ ಸಲಕ್ಕ ಆಕಳಿಕಿ ಬರ್ತೈತಿ. ಮಾತಿಲ್ಲ ಕತಿಯಿಲ್ಲ, ಬರೇ ಸಪ್ಪಳ. ಅವನ ಹಿಂದ ಅಂಬಪ್ಪ ಬಂದ. ಅವ ಕತಿಗಾರ. ಆದ್ರ ಅವಂದು ಒಂದು ಕೆಟ್ಟ ಚಟ ಐತಿ ನೋಡು, ನಮಗಿಂತ ಮೊದಲು ತಾನೇ ನಗತಾನ. ನಗಸಾವ ಹಂಗ ಮಾಡಬಾರದು. ನೀ ಹೇಳೂ ಮುಂದ ಸತ್ತವರ ಮನಿಗೆ ಹೋದವರಂಗ ಮಾರಿ ಮಾಡ್ಕೊಂಡು ಹೇಳ್ತಿದ್ದಿ, ಕೇಳಿದವರು ಬಿದ್ದು ಬಿದ್ದು ನಗತಿದ್ರು.

ಆ ಅಂಬಪ್ಪ ಒಂದು ಕತಿ ತಗದ. ಯಾವನೋ ರೈತ ಅಂತ, ಕೆಳಗಿನ ಹೊಲದವನ ನೀರಿನ ಪಾಳಿ ದಿನ ಅವನ ತೂಬಿಗೆ ತಾನು ಉಟ್ಟ ಧೋತ್ರನ ತುರುಕಿದ್ನಂತ. ಅಷ್ಟರಾಗ ಕಾಲುವಿ ಸಾಹೇಬನ ಜೀಪು ಬಂತಂತ. ಏಳೂಹಂಗಿಲ್ಲ, ಓಡೂಹಂಗಿಲ್ಲ, ಸೊಂಟದ ಮಟ ನೀರಾಗ ಕುಂತು ಸಲಾಮ ಹೊಡದ್ನಂತ. ಮೈಯಾಗ ಉಷ್ಣ ಆಗೈತ್ರಿ ಸಾಹೇಬ್ರ, ಡಾಕ್ಟರು ನೀರಾಗ ಕುಂದ್ರು ಅಂದಾರ ಅಂದ್ನಂತ. ಸಾಹೇಬಗ ಕರುಳು ಚುರ್ ಅಂದು, ದಂಡಿ ಮ್ಯಾಲೆ ಕುಂತು ತನ್ನ ಉಷ್ಣದ ಸುದ್ದಿನೂ ತಾಸುಗಟ್ಲೆ ಹೇಳಿದ್ನಂತ. ಜನ ಹೊಟ್ಟಿ ಹಿಡಕೊಂಡು ನಕ್ರು. ನಾ ಮಾತ್ರ ಅಪ್ಪನ ಮಾರಿ ನೋಡಿದೆ. ಇದು ನಮ್ಮಪ್ಪನ ಕತಿ! ನನ್ನ ನಿಶ್ಚಯದ ದಿನ ಬಳಗಾನೂರಿನ ಬೀಗರ ಮುಂದ ನೀ ಹೇಳಿದ್ದು ಇದೇ ಕತಿ. ಆ ಕೆಳಗಿನ ಹೊಲದ ರಹಮಾನಸಾಬ ಅಲ್ಲೇ ಪಂಕ್ತಿಯಾಗ ಉಣ್ಣಾಕತ್ತಿದ್ದ, ಅವಗ ಕಳ್ಳ ಯಾರನ್ನೋದು ಅವತ್ತೇ ತಿಳೀತು. ಅಪ್ಪ ಎಲ್ಲಾರ ಮುಂದ ನಿನ್ನ ಕಪಾಳಕ್ಕ ಹೊಡದ. ನೀ ಎಂಜಲ ಕೈ ತೊಳಕೊಳ್ಳದ ಬಸ್ಸು ಹತ್ತಿದಿ.

ಆ ಪಂಕ್ತಿಯಾಗ ಐವತ್ತು ಮಂದಿ ಇದ್ರು, ಅವರಾಗ ಯಾರೋ ಹೇಳಿರಬೇಕು ಅಂತ ಮೊದಲು ಅಂದ್ಕೊಂಡೆ. ಆದ್ರ ಅಂಬಪ್ಪ ಅಲ್ಲಿಗೆ ನಿಲ್ಲಸಲಿಲ್ಲ. ಸಾಹೇಬ ಹೋದ ಮ್ಯಾಲೆ ನೋಡಿದ್ರ ಧೋತ್ರ ತೂಬಿನ್ಯಾಗ ಕೊಚ್ಚಿ ಹೋಗಿತ್ತಂತ, ರೈತ ಮಗಳ ಹಳದಿ ಲಂಗ ಉಟ್ಕೊಂಡು, ಲಾಡಿ ಇಲ್ಲದ್ದಕ್ಕ ಹುಲ್ಲಿನ ಹಗ್ಗ ಕಟ್ಕೊಂಡು ಮನಿಗೆ ಬಂದ್ನಂತ. ಯಂಕ್ಯಾ, ಆ ಲಂಗ ಓಡಿ ಹೋಗಿ ತಂದಾಕಿ ನಾನು. ನೋಡಿದಾವ ನೀನೊಬ್ಬನೇ. ಯಾರಿಗೂ ಹೇಳಬ್ಯಾಡ ಅಂತ ನಿನ್ನ ಕಡೆ ಆಣಿ ಹಾಕಿಸಿಕೊಂಡಿದ್ದೆ, ನಿಶ್ಚಯದ ದಿನಾನೂ ನೀ ಅದನ್ನ ಬಾಯಿ ಬಿಟ್ಟಿರಲಿಲ್ಲ. ಅಪ್ಪ ಅಂತೂ ಅಂಬಪ್ಪನ ಮುಂದ ಹೋಗಿ ಹೇಳಾವಲ್ಲ. ಹಂಗಾದ್ರ ಹೇಳಿದವರು ಯಾರು?

ಮಸ್ಕಿಯಾಗ ಕಾರ್ಯಕ್ರಮ ಇತ್ತಂತ ಹೋಗಿ ಅಂಬಪ್ಪನ್ನ ಹಿಡದೆ. ಕತಿ ಎಲ್ಲಿಂದು ಅಂದ್ರ ಒಮ್ಮೆ ನಮ್ಮಜ್ಜಂದು ಅಂದ, ಒಮ್ಮೆ ಪೇಪರಿನ್ಯಾಗ ಓದಿದ್ದು ಅಂದ, ಕಡೀಕ ನಾನೇ ಕಟ್ಟಿದ್ದು ಅಂದ. ಒಂದೇ ಕತಿಗೆ ಮೂರು ಹುಟ್ಟು! ಅವನ ಮೈಕಿನ ಮೌಲಾಸಾಬ್ ಅಲ್ಲೇ ನಿಂತಾವ ನನ್ನ ಮಾರಿ ನೋಡಿ ತಲಿ ಬಗ್ಗಿಸಿ ವಾಯರು ಸುತ್ತಾಕ ಹತ್ತಿದ. ಯಂಕೋಬ ಅನ್ನಾವ ಗೊತ್ತೇನಪಾ ಅಂದೆ. ಗೊತ್ತಿಲ್ಲಕ್ಕ, ಬೇಕಾದ್ರ ಕಾಗದ ಕೊಡು, ಸಿಕ್ಕರ ಮುಟ್ಟಸ್ತೀನಿ ಅಂದ. ಗೊತ್ತಿಲ್ಲದಾವಗ ಹೆಂಗ ಮುಟ್ಟಸ್ತಾನ? ಅವ ಇವತ್ತು ಸಂಜಿಕ ಈ ಹಾದಿಲೇ ಹೋಗ್ತಾನ, ಅವನ ಕೈಯಾಗ ಕೊಡ್ತೀನಿ. ಕತಿ ಬರಕೊಡಾವ ನೀನೇ ಅಂತ ನನಗ ಖಾತ್ರಿ ಐತಿ. ಆಣಿ ಮುರದಿದ್ದಕ್ಕ ನಾಲ್ಕು ಬಿಡಬೇಕು ಅನಿಸ್ತೈತಿ. ಬದುಕ್ಯಾನಲ್ಲ ಅಂತ ಅಳೂನೂ ಬರ್ತೈತಿ.

ಇನ್ನ ಅಪ್ಪನ ಸುದ್ದಿ. ಅವತ್ತು ಸಿಂಧನೂರಾಗ ಲಂಗದ ಮಾತು ಬರೂದ ತಡ, ಎದ್ದು ಹೊರಗ ಹೋದ. ಅವಾಗಿಂದ ಅವನ ನಡತಿ ನನಗ ಬರೋಬರಿ ಕಾಣವಲ್ದು. ಗೊಬ್ಬರ ತರ್ತೀನಿ ಅಂತ ಹೇಳಿ ಮಸ್ಕಿಗೆ ಬಂದಿದ್ದ, ಜನದಾಗ ಕಂಬದ ಹಿಂದ ನಿಂತಿದ್ದನ್ನ ನಾನೇ ಕಂಡೆ. ಹೋರಿ ನೋಡ್ತೀನಿ ಅಂತ ಗುರುಗುಂಟಾಕ್ಕೂ ಹೋಗ್ಯಾನ, ಅಲ್ಲೂ ಅವತ್ತು ಅಂಬಪ್ಪಂದೇ ಕಾರ್ಯಕ್ರಮ. ಎರಡೂ ಕಡೆ ಕೈಯಾಗ ಬಡಿಗಿ. ಬರೋ ಐತವಾರ ಲಿಂಗಸೂಗೂರಾಗ ಅಂಬಪ್ಪನ ಕಾರ್ಯಕ್ರಮ ಐತಲ್ಲ, ಈಗಲೇ ಬಸ್ಸಿನ ಟೈಮು ಕೇಳಾಕತ್ತಾನ. ಅಪ್ಪನ ಸಿಟ್ಟು ನಿನಗ ಹೊಸದಲ್ಲ. ಅದಕ್ಕ ಹೇಳ್ತೀನಿ, ಐತವಾರ ನೀ ಲಿಂಗಸೂಗೂರಿನ ಕಡೆ ಸುಳೀಬ್ಯಾಡ. ನನಗಷ್ಟೇ ಒಂದು ಕಾರ್ಡು ಹಾಕು, ನಾನೇ ಬಂದು ನೋಡ್ತೀನಿ.

ಮೈ ಕಡೆ ಲಕ್ಷ್ಯ ಇರ್ಲಿ. ನಿಮ್ಮ ಮಾವನೂ ನಿನ್ನ ಕೇಳ್ಯಾರ. ದೇವರು ನಿನ್ನ ತಣ್ಣಗ ಇಟ್ಟಿರಲಿ.

ನಿನ್ನ ಅಕ್ಕ
ಗಿರಿಯಮ್ಮ

ತಾ.ಕ.: ಯಂಕ್ಯಾ, ಕಾಗದ ಮಡಚಾಕತ್ತಿದ್ದೆ, ಅಪ್ಪ ಬಂದುಬಿಟ್ಟ. ಮುಚ್ಚಿಟ್ಟೆ, ಅವ ಹಟ ಹಿಡದ. ಅವಗ ಓದಾಕ ಬರೂದಿಲ್ಲ, ನನ್ನ ಕಡೆನೇ ಓದಿಸಿದ. ಅಂಜಿಕೋಂತ ಎಲ್ಲಾ ಓದಿದೆ, ಬಡಿಗಿದೂ ಬಿಡಲಿಲ್ಲ. ಮೊಣಕಾಲು ನೋವಿಗೆ ಹಿಡದದ್ದಬೇ ಅದು ಅಂದ. ಪರದೆ ಹಿಂದ ನೀ ಇದ್ದೀಯೇನು ನೋಡಾಕ ಹೋಗಿದ್ನಂತ, ಎರಡೂ ಕಡೆ. ಮ್ಯಾಲೆ ನಾ ಬರಬ್ಯಾಡ ಅಂದದ್ದು ಬಿಡು. ಮೌಲಾಸಾಬ್ ಬರೂ ಹೊತ್ತಾತು, ಅಪ್ಪ ಹೇಳಿದ್ದು ಹೇಳಿದಂಗ ಬರೀತೀನಿ: "ಆ ಅಂಬಪ್ಪಗ ಹೇಳಾಕ ಬರೂದಿಲ್ಲ. ನನ್ನ ಮಗ ಹೇಳಿದಂಗ ಯಾವನೂ ಹೇಳಂಗಿಲ್ಲ. ಐತವಾರ ಅವನೇ ಬಂದು ಮೈಕು ಹಿಡೀಲಿ ಅಂತ ಬರಿ, ನಾ ಮುಂದಿನ ಸಾಲಿನ್ಯಾಗ ಕುಂದರ್ತೀನಿ."